ಹಸಿರು ನೀರಿನ ಬೇಸಾಯ: ಮೀನು ಸಾಕಣೆಗೆ ಸೂಕ್ಷ್ಮ ಪಾಚಿ



ಕಾಫಿ ತೋಟಕ್ಕೆ ಹೂವಿನ ಕಾಲದಲ್ಲಿ ತುಂತುರು ನೀರು ಕೊಡಲು ಕೆರೆ ಬೇಕು. ಅಡಿಕೆ ತೋಟಕ್ಕೆ ಬೇಸಿಗೆ ದಾಟಿಸಲು ಹೊಂಡ ಬೇಕು. ಹೀಗೆ ಕೂಡಿಟ್ಟ ನೀರಿನಲ್ಲಿ ಮೀನು ಬಿಡುವ ವಿಚಾರ ನಮ್ಮ ಸದಸ್ಯರಿಗೆ ಹೊಸದಲ್ಲ. ಈಚೆಗೆ ಇದರ ಜೊತೆಗೆ ಇನ್ನೊಂದು ಪ್ರಶ್ನೆಯೂ ಕೇಳಿಬರುತ್ತಿದೆ. ಮೀನು, ಸಿಗಡಿ ಸಾಕುವವರಿಗೆ ಬೇಕಾಗುವ ಸೂಕ್ಷ್ಮ ಪಾಚಿಯನ್ನೇ ದೊಡ್ಡ ಪ್ರಮಾಣದಲ್ಲಿ ಬೆಳೆದು ಮಾರಬಾರದೇಕೆ ಎಂಬುದೇ ಆ ಪ್ರಶ್ನೆ. ಸಣ್ಣ ಹಿಡುವಳಿದಾರರು ಇದಕ್ಕೆ ಹಣ ಹೂಡುವ ಮೊದಲು ತಿಳಿದಿರಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ಕೊಟ್ಟಿದೆ.

ಉದಾಹರಣೆಗಾಗಿ ಮಲೆನಾಡನ್ನು ಬಿಟ್ಟು ಬೆಳಗಾವಿ ಜಿಲ್ಲೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡ ತಾಲ್ಲೂಕುಗಳನ್ನು ಆರಿಸಿಕೊಂಡಿದ್ದೇವೆ. ಅದು ಕಬ್ಬು, ತಂಬಾಕು, ದ್ರಾಕ್ಷಿಯ ಸೀಮೆ, ಕಾಫಿಯ ಸೀಮೆಯಲ್ಲ. ಆದರೆ ಪಾಚಿಗೆ ಬೇಕಾದುದೆಲ್ಲ ಅಲ್ಲಿದೆ. ಮಳೆ ಕಡಿಮೆ, ಬಿಸಿಲು ಧಾರಾಳ. ಕೃಷ್ಣಾ, ದೂಧಗಂಗಾ, ವೇದಗಂಗಾ ನದಿಗಳ ನೀರೂ ಘಟಪ್ರಭಾ ಕಾಲುವೆಯ ನೀರೂ ಆ ಸೀಮೆಗೆ ಒದಗುತ್ತವೆ. ಒಣಭೂಮಿಯಲ್ಲಿ ಕೃಷಿಹೊಂಡಗಳಿವೆ. ಮಿತಿಮೀರಿ ನೀರು ಹಾಯಿಸಿದ ಕರಿ ಭೂಮಿ ಸವಳು-ಜವಳಾಗಿ ಬೆಳೆ ಬಾರದೆ ಬಿದ್ದಿದೆ. ಪಾಚಿಯ ಬೇಸಾಯ ಎಲ್ಲಿಯಾದರೂ ಸುಲಭವಾಗಬೇಕಾದರೆ ಅಲ್ಲಿ ಆಗಬೇಕು. ಅಲ್ಲಿಯ ಕಷ್ಟಗಳನ್ನು ತಿಳಿದರೆ, ನಾಲ್ಕು ತಿಂಗಳು ಸೂರ್ಯ ಕಾಣದ ನಮ್ಮ ತೋಟಗಳ ಗತಿ ತಾನಾಗಿಯೇ ತಿಳಿಯುತ್ತದೆ.

ಸೂಕ್ಷ್ಮ ಪಾಚಿ ಎಂದರೇನು?

ಕಲ್ಲಿನ ಮೇಲೆ ಜಾರುವ ಪಾಚಿಯನ್ನೂ ಬಾವಿಯಲ್ಲಿ ಎಳೆಎಳೆಯಾಗಿ ತೇಲುವ ಹಾವಸೆಯನ್ನೂ ಎಲ್ಲರೂ ಬಲ್ಲರು. ಇಲ್ಲಿ ಹೇಳುತ್ತಿರುವುದು ಬರಿಗಣ್ಣಿಗೆ ಕಾಣದ ಪಾಚಿಯನ್ನು. ಒಂದು ಮಿಲಿಮೀಟರಿನ ನೂರರಲ್ಲಿ ಒಂದು ಭಾಗಕ್ಕಿಂತಲೂ ಸಣ್ಣದಾದ ಜೀವಕೋಶಗಳು ಕೋಟಿಗಟ್ಟಲೆ ಸೇರಿದಾಗ ನೀರಿಗೆ ಹಸಿರು ಇಲ್ಲವೆ ಕಂದು ಬಣ್ಣ ಬರುತ್ತದೆ. ಹುಲ್ಲಿನಂತೆಯೇ ಇವು ಬಿಸಿಲು, ಇಂಗಾಲದ ಡೈಆಕ್ಸೈಡ್, ಸಾರಜನಕ ಮತ್ತು ರಂಜಕಗಳಿಂದ ಬೆಳೆಯುತ್ತವೆ. ಹಗಲಿನಲ್ಲಿ ಆಮ್ಲಜನಕವನ್ನು ಬಿಡುತ್ತವೆ. ರಾತ್ರಿಯಲ್ಲಿ ನಮ್ಮಂತೆಯೇ ಅದನ್ನು ಉಸಿರಾಡುತ್ತವೆ. ಈ ಕೊನೆಯ ಮಾತನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಭೂಮಿಯ ಮೇಲೆ ದನಕ್ಕೆ ಹುಲ್ಲು ಹೇಗೋ ನೀರಿನಲ್ಲಿ ಮೀನಿಗೆ ಪಾಚಿ ಹಾಗೆ. ಬೆಳ್ಳಿಗೆಂಡೆ ಇದನ್ನು ನೇರವಾಗಿ ಸೋಸಿ ತಿನ್ನುತ್ತದೆ. ಕಾಟ್ಲಾ ಹೆಚ್ಚಾಗಿ ತಿನ್ನುವುದು ಪಾಚಿಯನ್ನು ಮೇಯುವ ನೀರಿನ ಸೂಕ್ಷ್ಮ ಪ್ರಾಣಿಗಳನ್ನು. ರೋಹು ನಡುನೀರಿನಲ್ಲಿ ಸಸ್ಯಾಂಶವನ್ನು ಹುಡುಕುತ್ತದೆ. ಮೃಗಾಲ್ ತಳದಲ್ಲಿ ಕೊಳೆತು ಬಿದ್ದುದನ್ನು ಮೇಯುತ್ತದೆ. ಯಾವ ದಾರಿಯಿಂದ ನೋಡಿದರೂ ಮೂಲ ಆಹಾರ ಪಾಚಿಯೇ.

ಬೇರೆಡೆ ಹೇಗೆ ಬೆಳೆಸುತ್ತಾರೆ?

ಪಾಚಿಯನ್ನು ಬೇರೆಯಾಗಿ ಬೆಳೆಸುವ ಅಗತ್ಯ ಮೊದಲು ಕಂಡುಬಂದದ್ದು ಮರಿ ಉತ್ಪಾದನಾ ಕೇಂದ್ರಗಳಲ್ಲಿ. ಸಿಗಡಿ, ಸಿಂಪಿಗಳ ಎಳೆಮರಿಗಳ ಬಾಯಿ ಎಷ್ಟು ಸಣ್ಣದೆಂದರೆ ಪುಡಿ ಆಹಾರವೂ ಅವುಗಳಿಗೆ ದೊಡ್ಡದೇ. ಜಪಾನಿನ ಮೊತೊಸಾಕು ಫುಜಿನಾಗ ಎಂಬವರು ಸಿಗಡಿಯ ಎಳೆಮರಿಗಳನ್ನು ಸ್ಕೆಲೆಟೊನೀಮ ಎಂಬ ಪಾಚಿಯನ್ನು ಉಣಿಸಿ ಸಾಕಿದ ವಿವರವನ್ನು 1942ರಲ್ಲಿ ಪ್ರಕಟಿಸಿದರು. ಹವಾಯಿ ದ್ವೀಪದಲ್ಲಿ ತಕುಜಿ ಫುಜಿಮುರ ಎಂಬವರು 1960ರ ದಶಕದಲ್ಲಿ ಸಿಹಿನೀರಿನ ದೊಡ್ಡ ಸಿಗಡಿಯ ಮರಿಗಳನ್ನು ಹಸಿರು ನೀರಿನಲ್ಲಿ ಬೆಳೆಸುವ ಕ್ರಮವನ್ನು ರೂಢಿಗೆ ತಂದರು.

ನಮ್ಮ ರಾಜ್ಯವೂ ಹಿಂದೆ ಬಿದ್ದಿಲ್ಲ. ಮೈಸೂರಿನ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ 1970ರ ದಶಕದಲ್ಲಿಯೇ ಜರ್ಮನಿಯ ಸಹಕಾರದಿಂದ ಪಾಚಿಯ ಬೇಸಾಯದ ಪ್ರಯೋಗಗಳು ನಡೆದವು. ಆ ಸಂಸ್ಥೆಯ ಎಲ್. ವಿ. ವೆಂಕಟರಾಮನ್ ಅವರೂ ಜರ್ಮನಿಯ ಇ. ಡಬ್ಲ್ಯು. ಬೆಕರ್ ಅವರೂ ಕೂಡಿ ಭಾರತದ ಈ ಅನುಭವವನ್ನು 1985ರಲ್ಲಿ ಪುಸ್ತಕವಾಗಿ ತಂದರು. ಮೀನುಗಾರಿಕೆಯ ಉನ್ನತ ಶಿಕ್ಷಣಕ್ಕಾಗಿ ಮಂಗಳೂರಿನಲ್ಲಿ 1969ರಲ್ಲಿ ಕಾಲೇಜು ಆರಂಭವಾಯಿತು.

ಬೆಳೆಸುವ ಕ್ರಮವನ್ನು ಮೊಸರಿಗೆ ಹೋಲಿಸಬಹುದು. ಒಳ್ಳೆಯ ಹೆಪ್ಪು ಬೇಕು. ಹೆಪ್ಪು ಕೆಟ್ಟರೆ ಹಾಲೆಲ್ಲ ಕೆಡುತ್ತದೆ. ಬೇಕಾದ ಒಂದೇ ಜಾತಿಯ ಪಾಚಿಯನ್ನು ಗಾಜಿನ ಕೊಳವೆಯಲ್ಲಿ ಶುದ್ಧವಾಗಿ ಕಾಪಾಡಿ, ಒಂದು ಪಾತ್ರೆಯಿಂದ ಹತ್ತರಷ್ಟು ದೊಡ್ಡ ಪಾತ್ರೆಗೆ ಸಾಗಿಸುತ್ತ ಹೋಗುತ್ತಾರೆ. 10 ಮಿಲಿಲೀಟರಿನಿಂದ 100 ಮಿಲಿಲೀಟರು, ಅಲ್ಲಿಂದ 1 ಲೀಟರು, 10 ಲೀಟರು, 100 ಲೀಟರು, 1,000 ಲೀಟರು. ಹೀಗೆ ಐದು ಮೆಟ್ಟಿಲು. ಒಂದೊಂದಕ್ಕೆ ಸುಮಾರು 5 ದಿನವೆಂದರೂ ಒಂದು ತೊಟ್ಟಿ ತುಂಬಲು 25 ದಿನ ಬೇಕು. ನಡುವೆ ಪಾಚಿಯನ್ನು ತಿನ್ನುವ ಸೂಕ್ಷ್ಮ ಪ್ರಾಣಿ ಒಂದು ಸೇರಿಕೊಂಡರೆ ಎರಡು ಮೂರು ದಿನಗಳಲ್ಲಿ ತೊಟ್ಟಿ ಬಿಳಿಚಿಕೊಳ್ಳುತ್ತದೆ. ಮತ್ತೆ ಮೊದಲಿನಿಂದ ಆರಂಭಿಸಬೇಕು.

ಬಯಲಿನಲ್ಲಿ ಬೆಳೆಸುವವರು ಓಟದ ಅಂಕಣದಂತೆ ಸುತ್ತಿ ಬರುವ ಆಳವಿಲ್ಲದ ಕಾಲುವೆಗಳನ್ನು ಕಟ್ಟುತ್ತಾರೆ. ನೀರಿನ ಆಳ 15ರಿಂದ 30 ಸೆಂಟಿಮೀಟರು. ನೀರು ನಿಂತರೆ ಪಾಚಿ ತಳ ಸೇರುವುದರಿಂದ ಹುಟ್ಟುಗಳಿರುವ ಚಕ್ರವೊಂದು ಅದನ್ನು ಸದಾ ಸುತ್ತಿಸುತ್ತಿರಬೇಕು. ಅಂದರೆ ವಿದ್ಯುತ್ತು ಕೈಕೊಡಬಾರದು.

ಒಂದು ಗುಂಟೆಯ ಲೆಕ್ಕ

ಈಗ ಲೆಕ್ಕ ಹಾಕಿ ನೋಡೋಣ. ಒಂದು ಗುಂಟೆ ಎಂದರೆ ಸುಮಾರು 100 ಚದರ ಮೀಟರು. ಅದರಲ್ಲಿ 20 ಸೆಂಟಿಮೀಟರು ನೀರು ನಿಲ್ಲಿಸಿದರೆ 20,000 ಲೀಟರು. ಚೆನ್ನಾಗಿ ನಡೆಯುವ ಬಯಲು ಕಾಲುವೆಯಲ್ಲಿ ಒಂದು ಚದರ ಮೀಟರಿಗೆ ದಿನಕ್ಕೆ 10 ಗ್ರಾಂ ಒಣ ಪಾಚಿ ಸಿಕ್ಕರೆ ಅದು ತಕ್ಕ ಇಳುವರಿಯೇ. ಆ ಪ್ರಕಾರ ಗುಂಟೆಗೆ ದಿನಕ್ಕೆ 1 ಕಿಲೋ.

ಕೇಳಲು ಚೆನ್ನಾಗಿದೆ. ಆದರೆ ಆ ಒಂದು ಕಿಲೋ ಎಲ್ಲಿದೆ? ಒಂದು ಲೀಟರು ನೀರಿನಲ್ಲಿ ಅರ್ಧ ಗ್ರಾಂ ಪಾಚಿ ಇದ್ದರೆ ಒಂದು ಕಿಲೋ ತೆಗೆಯಲು 2,000 ಲೀಟರು ನೀರನ್ನು ಸೋಸಬೇಕು. ಸ್ಪಿರುಲಿನ ಎಂಬ ಪಾಚಿ ಸುರುಳಿಯಾದ ಉದ್ದನೆಯ ಎಳೆಯಾದ್ದರಿಂದ ದಟ್ಟ ನೇಯ್ಗೆಯ ಬಟ್ಟೆಯಲ್ಲಿ ನಿಲ್ಲುತ್ತದೆ. ಕ್ಲೋರೆಲ್ಲದಂಥ ಗುಂಡು ಪಾಚಿ ನೀರಿನೊಂದಿಗೆ ಬಟ್ಟೆಯ ಮೂಲಕ ಹೊರಟುಹೋಗುತ್ತದೆ. ಅದನ್ನು ಬೇರ್ಪಡಿಸಲು ಹಾಲಿನ ಡೈರಿಯಲ್ಲಿ ಕೆನೆ ತೆಗೆಯುವಂಥ ವೇಗವಾಗಿ ತಿರುಗುವ ಯಂತ್ರ ಬೇಕು. ಬಳಿಕ ಒಣಗಿಸಬೇಕು, ತೇವ ಉಳಿದರೆ ನಾರುತ್ತದೆ. ಬೆಳೆಸುವ ಖರ್ಚಿಗಿಂತ ಕೊಯ್ಯುವ ಮತ್ತು ಒಣಗಿಸುವ ಖರ್ಚೇ ಸಣ್ಣವನನ್ನು ಸೋಲಿಸುತ್ತದೆ.

ಆದ್ದರಿಂದ ಈ ಪಾಠದ ಮುಖ್ಯ ಮಾತು ಇಷ್ಟೇ: ಸಣ್ಣ ಬೆಳೆಗಾರನು ಪಾಚಿಯನ್ನು ಕೊಯ್ದು ಮೀನಿನ ಬಳಿಗೆ ಒಯ್ಯಬಾರದು. ಮೀನನ್ನೇ ಪಾಚಿಯ ಬಳಿಗೆ ಬಿಡಬೇಕು. ಸೋಸುವ ಯಂತ್ರದ ಕೆಲಸವನ್ನು ಬೆಳ್ಳಿಗೆಂಡೆಯ ಕಿವಿರು ಪುಕ್ಕಟೆಯಾಗಿ ಮಾಡುತ್ತದೆ. ಘಟಕ ಕಟ್ಟಿಕೊಟ್ಟು ಪಾಚಿಯನ್ನು ತಾವೇ ಮರಳಿ ಕೊಳ್ಳುತ್ತೇವೆಂದು ಯಾರಾದರೂ ಹೇಳಿದರೆ, ಸೋಸುವುದು ಯಾರು, ಒಣಗಿಸುವುದು ಯಾರು, ತೊಟ್ಟಿ ಕೆಟ್ಟ ತಿಂಗಳ ನಷ್ಟ ಯಾರದು ಎಂಬ ಮೂರು ಪ್ರಶ್ನೆಗಳಿಗೆ ಬರಹದಲ್ಲಿ ಉತ್ತರ ಪಡೆಯದೆ ಮುಂಗಡ ಕೊಡಬಾರದು.

ಸವಳು-ಜವಳು ಭೂಮಿಯಲ್ಲಿ ಆಗದೇ?

ಕೃಷ್ಣಾ ತೀರದ ರೈತರಿಗೆ ಸಹಜವಾಗಿ ಬರುವ ಪ್ರಶ್ನೆ ಇದು. ಸ್ಪಿರುಲಿನಕ್ಕೆ ಕ್ಷಾರದ ನೀರು ಹಿತ. ಸವಳು ಭೂಮಿಯ ನೀರೂ ಕ್ಷಾರವೇ. ಹಾಗಾದರೆ ಕೆಟ್ಟ ಭೂಮಿಯೇ ವರವಲ್ಲವೇ? ಅಷ್ಟು ಸುಲಭವಲ್ಲ. ಸ್ಪಿರುಲಿನದ ತೊಟ್ಟಿಯಲ್ಲಿ ಒಂದು ಲೀಟರು ನೀರಿಗೆ 8ರಿಂದ 16 ಗ್ರಾಂ ಅಡಿಗೆ ಸೋಡಾ ಇರುವಂತೆ ನೋಡಿಕೊಳ್ಳುತ್ತಾರೆ. ಜವಳಿನ ನೀರಿನಲ್ಲಿ ಅಷ್ಟು ಇರುವುದಿಲ್ಲವಾದ್ದರಿಂದ ಸೋಡಾ ಕೊಂಡು ಹಾಕಲೇಬೇಕು. ಮೇಲಾಗಿ ಕಬ್ಬಿನ ಗದ್ದೆಯಿಂದ ಬಸಿದು ಬಂದ ನೀರಿನಲ್ಲಿ ಕಳೆನಾಶಕದ ಅಂಶವೂ ಇರಬಹುದು. ಕಳೆನಾಶಕಕ್ಕೆ ಪಾಚಿಯೂ ಒಂದು ಕಳೆಯೇ.

ಉಪ್ಪು ನೀರಿನಲ್ಲಿ ಸಿಗಡಿ ಸಾಕುವ ವಿಚಾರವೂ ಹೀಗೆಯೇ. ಹರಿಯಾಣದ ರೋಹ್ತಕ್ ಬಳಿಯ ಲಾಹ್ಲಿಯಲ್ಲಿ ಕೇಂದ್ರೀಯ ಮೀನುಗಾರಿಕಾ ಶಿಕ್ಷಣ ಸಂಸ್ಥೆಯು ಒಳನಾಡಿನ ಉಪ್ಪು ನೀರಿನಲ್ಲಿ ಸಿಗಡಿ ಬೆಳೆಯುವ ಕೆಲಸ ಮಾಡಿದೆ. ಅಲ್ಲಿ ಕಂಡುಬಂದ ಮುಖ್ಯ ಸಂಗತಿ ಎಂದರೆ ನೆಲದ ಉಪ್ಪು ನೀರು ಸಮುದ್ರದ ನೀರಿನಂತಲ್ಲ. ಅದರಲ್ಲಿ ಪೊಟ್ಯಾಶಿಯಂ ಕಡಿಮೆ. ಅದನ್ನು ಸೇರಿಸದಿದ್ದರೆ ಸಿಗಡಿ ಉಳಿಯುವುದಿಲ್ಲ. ನಾಲಿಗೆಗೆ ಉಪ್ಪಾದ ಮಾತ್ರಕ್ಕೆ ನೀರು ಒಗ್ಗುತ್ತದೆಂದು ತಿಳಿಯಬಾರದು. ಗೆಂಡೆ ಮೀನುಗಳಿಗಾದರೆ ಉಪ್ಪಿನಂಶ ಲೀಟರಿಗೆ 5 ಗ್ರಾಂ ಮೀರಬಾರದು. ಹೊಂಡ ತೋಡುವ ಮೊದಲು ನೀರಿನ ಪರೀಕ್ಷೆ ಆಗಲೇಬೇಕು. ಜವಳಿಗೆ ಸರಿಯಾದ ಮದ್ದು ಬಸಿಗಾಲುವೆ ಮತ್ತು ಮಿತವಾದ ನೀರು. ಮೀನಿನ ಹೊಂಡ ಅದಕ್ಕೆ ಬದಲಲ್ಲ.

ಎರಡು ಬಗೆಯ ನೀರು

ಅಥಣಿಯ ಕರಿ ಭೂಮಿಯ ಬಾವಿನೀರು ಸಾಮಾನ್ಯವಾಗಿ ಗಡಸು ಮತ್ತು ಕ್ಷಾರ. ಅಲ್ಲಿ ಸುಣ್ಣ ಹಾಕುವ ಅಗತ್ಯ ಕಡಿಮೆ. ಆದರೆ ಹಾಕಿದ ರಂಜಕವು ನೀರಿನ ಸುಣ್ಣದೊಂದಿಗೆ ಕೂಡಿ ತಳ ಸೇರುತ್ತದೆ. ಸೂಪರ್ ಫಾಸ್ಫೇಟನ್ನು ಹಿಂದಿನ ರಾತ್ರಿ ಬಕೆಟ್ಟಿನಲ್ಲಿ ನೆನೆಸಿ, ಬೆಳಿಗ್ಗೆ ಸ್ವಲ್ಪ ಸ್ವಲ್ಪವಾಗಿ ನೀರಿನ ಮೇಲೆ ಚೆಲ್ಲಬೇಕು. ಮಲೆನಾಡಿನ ಕೆರೆಯ ನೀರು ಮೆದು, ಕೆಲವೆಡೆ ಹುಳಿ. ಅಲ್ಲಿ ಮೊದಲು ಸುಣ್ಣ, ಆಮೇಲೆ ಗೊಬ್ಬರ. ಸುಣ್ಣವಿಲ್ಲದ ಹುಳಿ ನೀರಿಗೆ ಎಷ್ಟು ಗೊಬ್ಬರ ಸುರಿದರೂ ಹಸಿರು ಏರದು.

ಕಾಲವೂ ಬೇರೆ. ಅಥಣಿ, ಕಾಗವಾಡಗಳಲ್ಲಿ ವರ್ಷದ ಹೆಚ್ಚಿನ ತಿಂಗಳುಗಳಲ್ಲಿ ಬಿಸಿಲಿದೆ. ಅಲ್ಲಿಯ ಚಿಂತೆ ನೀರು ಆವಿಯಾಗಿ ಉಪ್ಪು ಹೆಚ್ಚುವುದು. ನದಿಯಂಚಿನಲ್ಲಿ ಪ್ರವಾಹದ ಚಿಂತೆಯೂ ಉಂಟು. 2019ರ ಆಗಸ್ಟಿನಲ್ಲಿ ಕೃಷ್ಣೆ ಉಕ್ಕಿದ್ದನ್ನು ಅಲ್ಲಿಯವರು ಮರೆತಿಲ್ಲ. ಹೊಂಡದ ಏರಿ ನೆರೆಯ ಮಟ್ಟಕ್ಕಿಂತ ಮೇಲಿರಬೇಕು. ಮಲೆನಾಡಿನಲ್ಲಿ ಜೂನಿನಿಂದ ಸೆಪ್ಟೆಂಬರ್ ವರೆಗೆ ಗೊಬ್ಬರ ಹಾಕುವುದು ದಂಡ. ಅಕ್ಟೋಬರಿನಿಂದ ಮೇ ವರೆಗೆ ನಮ್ಮ ಹಸಿರು ನೀರಿನ ಕಾಲ.

ಹೊಂಡಕ್ಕೆ ಕೊಡತಕ್ಕ ಪ್ರಮಾಣ

ಒಂದೂವರೆ ಮೀಟರಾದರೂ ಆಳವಿರುವ, ಎಂಟು ತಿಂಗಳು ನೀರು ನಿಲ್ಲುವ ಹೊಂಡಕ್ಕೆ ಪ್ರತಿ ಗುಂಟೆಯ ಲೆಕ್ಕ ಹೀಗಿದೆ:

1. ಸುಣ್ಣ: ಹುಳಿ ಅಥವಾ ಮೆದು ನೀರಿಗೆ 2ರಿಂದ 2½ ಕಿಲೋ, ಗೊಬ್ಬರಕ್ಕೆ ಒಂದು ವಾರ ಮೊದಲು.
2. ಹಸಿ ಸಗಣಿ: ಆರಂಭದಲ್ಲಿ 20 ಕಿಲೋ, ನಂತರ ತಿಂಗಳಿಗೆ 7ರಿಂದ 8 ಕಿಲೋ, ನೀರಿನಲ್ಲಿ ಕದಡಿ.
3. ಯೂರಿಯಾ: ತಿಂಗಳಿಗೆ 170 ಗ್ರಾಂ.
4. ಸೂಪರ್ ಫಾಸ್ಫೇಟ್: ತಿಂಗಳಿಗೆ 250 ಗ್ರಾಂ. ಯೂರಿಯಾ ಕೊಟ್ಟು 15 ದಿನಗಳ ಮೇಲೆ.
5. ಬಿತ್ತನೆ ಮರಿ: 50. ಬೆರಳುದ್ದದ ಮರಿಗಳೇ ಆಗಬೇಕು. ನೀರು ಹಸಿರಾದ ಮೇಲೆಯೇ ಬಿಡಬೇಕು.

ನಾಲ್ಕು ಗುಂಟೆಯ ಕೃಷಿಹೊಂಡಕ್ಕೆ ಇದನ್ನು ನಾಲ್ಕರಿಂದ ಗುಣಿಸಿಕೊಳ್ಳಿ. ಪ್ಲಾಸ್ಟಿಕ್ ಹಾಳೆ ಹಾಸಿದ ಹೊಂಡದಲ್ಲಿ ತಳದ ಮಣ್ಣಿನ ಆಸರೆ ಇಲ್ಲ. ಅಲ್ಲಿ ತಿಂಗಳ ಪಾಲನ್ನು ನಾಲ್ಕು ವಾರಗಳಿಗೆ ಹಂಚಿ ಕೊಡಬೇಕು. ಮೃಗಾಲ್ ಮರಿಗಳನ್ನು ಕಡಿಮೆ ಮಾಡಬೇಕು.

ಹೊಸ ಹೊಂಡ ಬೇಗ ಬಣ್ಣ ಹಿಡಿಯದಿದ್ದರೆ ಹೆಪ್ಪು ಕೊಡಬಹುದು. 1,000 ಲೀಟರಿನ ತೊಟ್ಟಿಯನ್ನು ಬಿಸಿಲಿನಲ್ಲಿಟ್ಟು ಬಾವಿನೀರು ತುಂಬಿ, ಅಮೋನಿಯಂ ಸಲ್ಫೇಟ್ 100 ಗ್ರಾಂ, ಸೂಪರ್ ಫಾಸ್ಫೇಟ್ 10 ಗ್ರಾಂ, ಯೂರಿಯಾ 10 ಗ್ರಾಂ ಕರಗಿಸಿ. ಆರೋಗ್ಯವಾದ ಹಸಿರು ಕೆರೆಯ ನೀರು 100 ಲೀಟರನ್ನು ದಟ್ಟ ಬಟ್ಟೆಯಲ್ಲಿ ಸೋಸಿ ಸೇರಿಸಿ. ಪಾಚಿ ಇಳಿಯುತ್ತದೆ, ಅದನ್ನು ತಿನ್ನುವ ಪ್ರಾಣಿಗಳು ಬಟ್ಟೆಯಲ್ಲಿ ಉಳಿಯುತ್ತವೆ. ದಿನಕ್ಕೆ ಮೂರು ನಾಲ್ಕು ಬಾರಿ ಕಲಕಿ. ಐದಾರು ದಿನಗಳಲ್ಲಿ ಗಾಢ ಹಸಿರಾಗುತ್ತದೆ. ಮೂರರಲ್ಲಿ ಒಂದು ಪಾಲನ್ನು ಹೊಂಡಕ್ಕೆ ಸುರಿದು, ಅಷ್ಟೇ ನೀರು ಮತ್ತು ಮೂರರಲ್ಲಿ ಒಂದು ಪಾಲು ಗೊಬ್ಬರವನ್ನು ತೊಟ್ಟಿಗೆ ತುಂಬಿ. ಈ ತೊಟ್ಟಿಯೊಳಗೆ ಮಾತ್ರ ಮೀನುಮರಿ ಬಿಡಬೇಡಿ, ಅಮೋನಿಯದಿಂದ ಸಾಯುತ್ತವೆ.

ಬೆಲ್ಲ, ಕಾಕಂಬಿ ಹಾಕಿ ಮಾಡುವ ಬಯೋಫ್ಲಾಕ್ ಎಂಬುದು ಬೇರೆ ಪದ್ಧತಿ. ಅಲ್ಲಿ ಬೆಳೆಯುವುದು ಮುಖ್ಯವಾಗಿ ಬ್ಯಾಕ್ಟೀರಿಯಾ. ಅದಕ್ಕೆ ಹಗಲಿರುಳು ಗಾಳಿ ಊದಬೇಕು. ಎರಡನ್ನೂ ಕಲಸಬಾರದು.

ಮೊಣಕೈ ಪರೀಕ್ಷೆ

ವಾರಕ್ಕೊಮ್ಮೆ, ಬಿಸಿಲೇರಿದ ಮೇಲೆ, ಅಂಗೈಯನ್ನು ಮೇಲ್ಮುಖವಾಗಿ ಹಿಡಿದು ತೋಳನ್ನು ನೇರವಾಗಿ ನೀರಿಗಿಳಿಸಿ. ನೀರು ಮೊಣಕೈಗೆ ಬರುವ ಹೊತ್ತಿಗೆ ಅಂಗೈ ಮರೆಯಾದರೆ ಪಾಚಿ ಹದವಾಗಿದೆ. ಮೊಣಕೈ ದಾಟಿದರೂ ಅಂಗೈ ಸ್ಪಷ್ಟವಾಗಿ ಕಂಡರೆ ಗೊಬ್ಬರ ಸಾಲದು. ಮಣಿಕಟ್ಟು ಮುಳುಗುವಷ್ಟರಲ್ಲಿ ಅಂಗೈ ಮರೆಯಾದರೆ ಪಾಚಿ ಅತಿಯಾಗಿದೆ, ಗೊಬ್ಬರ ನಿಲ್ಲಿಸತಕ್ಕದ್ದು.

ಕೆಸರು ನೀರೂ ಅಂಗೈಯನ್ನು ಮರೆಮಾಡುತ್ತದೆ. ಅನುಮಾನವಿದ್ದರೆ ಒಂದು ಗಾಜಿನ ಲೋಟದಲ್ಲಿ ನೀರನ್ನು ರಾತ್ರಿಯಿಡೀ ಇಟ್ಟು ನೋಡಿ. ಮಣ್ಣು ತಳ ಸೇರಿ ಮೇಲಿನ ನೀರು ತಿಳಿಯಾಗುತ್ತದೆ. ಪಾಚಿಯಾದರೆ ಬಣ್ಣ ಉಳಿಯುತ್ತದೆ. ಕೆಸರಿನ ಹೊಂಡಕ್ಕೆ ನೀರು ಬರುವ ಬಾಯಲ್ಲಿ ಹೂಳುಗುಂಡಿ ತೋಡಿ.

ನಸುಕಿನ ಅಪಾಯ

ಹಸಿರು ನೀರಿನ ಹೊಂಡದಲ್ಲಿ ಮೀನು ಸಾಯುವುದು ಹೆಚ್ಚಾಗಿ ಸೂರ್ಯೋದಯಕ್ಕೆ ಮುಂಚೆ. ರಾತ್ರಿಯೆಲ್ಲ ಪಾಚಿಯೂ ಮೀನೂ ಸೇರಿ ಆಮ್ಲಜನಕವನ್ನು ಮುಗಿಸಿರುತ್ತವೆ. ಎರಡು ಮೂರು ದಿನ ಮೋಡ ಕವಿದರೆ, ಇಲ್ಲವೆ ದಟ್ಟವಾದ ಪಾಚಿ ಒಮ್ಮೆಲೇ ಸತ್ತು ಕೊಳೆತರೆ ಅಪಾಯ ಇಮ್ಮಡಿ. ಹಿಂದಿನ ಸಂಜೆ ಚೆನ್ನಾಗಿದ್ದ ಮೀನು ಬೆಳಕು ಹರಿಯುವಾಗ ಹೊಟ್ಟೆ ಮೇಲಾಗಿ ತೇಲುತ್ತದೆ. ಯಾರೋ ವಿಷ ಹಾಕಿದರೆಂದು ನೆರೆಯವರೊಡನೆ ಜಗಳಕ್ಕಿಳಿಯುವ ಮೊದಲು ನೀರಿನ ಬಣ್ಣವನ್ನು ನೋಡಬೇಕು.

ಮೀನುಗಳು ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ತಡ ಮಾಡಬೇಡಿ. ಪಂಪು ಹಚ್ಚಿ ಹೊಂಡದ ನೀರನ್ನೇ ಎತ್ತರದಿಂದ ಮಳೆಯಂತೆ ಬೀಳಿಸಿ. ಹೊಸ ನೀರಿದ್ದರೆ ಇನ್ನೂ ಒಳ್ಳೆಯದು. ಅಂದು ಆಹಾರ, ಗೊಬ್ಬರ ಎರಡೂ ಬೇಡ. ಮೋಡದ ದಿನಗಳಲ್ಲಿ ಗೊಬ್ಬರ ಹಾಕದಿರುವುದೇ ಮೊದಲ ಎಚ್ಚರಿಕೆ. ನೀರಿನ ಮೇಲೆ ಬಣ್ಣ ಬಳಿದಂತೆ ನೀಲಿ ಹಸಿರು ಕೆನೆ ಕಟ್ಟಿದರೆ ಅದು ವಿಷಕಾರಿ ಜಾತಿಯಿರಬಹುದು. ಆ ನೀರನ್ನು ದನಗಳಿಗೆ ಕುಡಿಸಬಾರದು.

ಮೈಲುತುತ್ತದ ವಿಚಾರ

ಅಥಣಿಯ ದ್ರಾಕ್ಷಿಗೂ ನಮ್ಮ ಅಡಿಕೆ, ಕಾಫಿಗೂ ಸಾಮಾನ್ಯವಾದ ಒಂದು ವಸ್ತು ಬೋರ್ಡೋ ದ್ರಾವಣ. ಕೊಳೆರೋಗಕ್ಕೂ ಎಲೆಯ ತುಕ್ಕುರೋಗಕ್ಕೂ ಅದು ಮದ್ದು. ಪಾಚಿಗೆ ಅದು ಮೃತ್ಯು. ನೀರಿನಲ್ಲಿ ಪಾಚಿಯನ್ನು ಕೊಲ್ಲಬೇಕಾದವರು ಮೈಲುತುತ್ತವನ್ನೇ ಬಳಸುತ್ತಾರೆ. ಲೀಟರಿಗೆ ಒಂದು ಮಿಲಿಗ್ರಾಂ ಸಾಕು.

ನಾಲ್ಕು ಗುಂಟೆ ವಿಸ್ತಾರ, ಒಂದೂವರೆ ಮೀಟರು ಆಳದ ಹೊಂಡದಲ್ಲಿ 6 ಲಕ್ಷ ಲೀಟರು ನೀರಿದೆ. ಅದಕ್ಕೆ ಆ ಪ್ರಮಾಣ ಬರಲು 600 ಗ್ರಾಂ ಮೈಲುತುತ್ತ ಸಾಕು. ಶೇಕಡಾ 1ರ ಬೋರ್ಡೋ ದ್ರಾವಣ 60 ಲೀಟರಿನಲ್ಲಿ ಅಷ್ಟು ಇರುತ್ತದೆ. ಸುಣ್ಣದೊಂದಿಗೆ ಕೂಡಿರುವುದರಿಂದ ಎಲ್ಲವೂ ಒಮ್ಮೆಗೇ ಕರಗದಿದ್ದರೂ, ಮಲೆನಾಡಿನ ಮೆದು ನೀರಿನಲ್ಲಿ ತಾಮ್ರದ ವಿಷ ಕೃಷ್ಣಾ ತೀರದ ಗಡಸು ನೀರಿಗಿಂತ ಹೆಚ್ಚು ತೀಕ್ಷ್ಣ. ಆದ್ದರಿಂದ ಸಿಂಪರಣೆಯ ಪಂಪು, ಪೀಪಾಯಿಗಳನ್ನು ಮೀನಿನ ಕೆರೆಯಲ್ಲಿ ತೊಳೆಯಕೂಡದು. ಔಷಧಿ ಹೊಡೆದ ತೋಟದ ಮಳೆನೀರು ನೇರವಾಗಿ ಕೆರೆಗೆ ಇಳಿಯದಂತೆ ಅಡ್ಡಗಾಲುವೆ ತೆಗೆಯಬೇಕು. ಕಾಫಿ ಪಲ್ಪಿಂಗಿನ ಹುಳಿ ನೀರನ್ನೂ ಕೆರೆಗೆ ಬಿಡಬಾರದು. ಅದು ಕೊಳೆಯುವಾಗ ಆಮ್ಲಜನಕವನ್ನೆಲ್ಲ ಹೀರುತ್ತದೆ. ನಿಪ್ಪಾಣಿಯ ಕಡೆ ತಂಬಾಕಿನ ಪುಡಿ ಮೀನಿನ ಹೊಂಡಕ್ಕೆ ಬೀಳದಂತೆ ನೋಡಬೇಕು. ನಿಕೋಟಿನ್ ಮೀನಿಗೂ ವಿಷ.

ಈ ಪಾಠದ ಅಭ್ಯಾಸ

ಹೊಂಡವುಳ್ಳ ಸದಸ್ಯರು ಒಂದು ನೋಟ್ ಪುಸ್ತಕದಲ್ಲಿ ಮೂರು ತಿಂಗಳು ಕೆಳಗಿನವುಗಳನ್ನು ಬರೆದಿಡಬೇಕೆಂದು ಕೋರುತ್ತೇವೆ:

1. ಹೊಂಡದ ಉದ್ದ, ಅಗಲ, ಆಳ. ಅದರಿಂದ ಗುಂಟೆ ಎಷ್ಟು, ನೀರು ಎಷ್ಟು ಲೀಟರು?
2. ಪ್ರತಿ ವಾರದ ಮೊಣಕೈ ಪರೀಕ್ಷೆಯ ಫಲ ಮತ್ತು ನೀರಿನ ಬಣ್ಣ.
3. ಗೊಬ್ಬರ ಕೊಟ್ಟ ದಿನ, ತೂಕ. ಅಂದು ಬಿಸಿಲೋ ಮೋಡವೋ.
4. ತೋಟಕ್ಕೆ ಔಷಧಿ ಹೊಡೆದ ದಿನ. ಅದರ ನಂತರದ ವಾರದಲ್ಲಿ ನೀರು ತಿಳಿಯಾಯಿತೇ?
5. ನಸುಕಿನಲ್ಲಿ ಮೀನು ಮೇಲೆ ಬಂದ ದಿನಗಳೆಷ್ಟು?

ನೀರಿನ ಪರೀಕ್ಷೆಗೆ ಹತ್ತಿರದ ಕೃಷಿ ವಿಜ್ಞಾನ ಕೇಂದ್ರವನ್ನು, ಬಿತ್ತನೆ ಮರಿಗಳಿಗೆ ತಾಲ್ಲೂಕಿನ ಮೀನುಗಾರಿಕೆ ಇಲಾಖೆಯನ್ನು ಕೇಳಿಕೊಳ್ಳಬಹುದು. ಈ ಐದು ಸಾಲುಗಳು ತುಂಬಿದ ಪುಸ್ತಕವಿದ್ದರೆ ಅಧಿಕಾರಿಗಳೂ ನಿಮಗೆ ಖಚಿತವಾದ ಸಲಹೆ ಕೊಡಬಲ್ಲರು. ಪುಸ್ತಕವಿಲ್ಲದಿದ್ದರೆ ಅವರು ಹೇಳುವುದೂ ಅಂದಾಜೇ.